ತಿನ್ನದೇ ಏರಿದ ಸಕ್ಕರೆ

ನಮ್ಮ ಕಡೆ ಜ್ವರ ಬಂದವರಿಗೆ ಜ್ವರ ಬಂದಿದೆ ಅನ್ನುತ್ತಾರೆ, ಕಾಲು ಮುರಿದವರಿಗೆ ಕಾಲು ಮುರಿದಿದೆ ಅನ್ನುತ್ತಾರೆ. ಸಕ್ಕರೆ ಬೇನೆ ಬಂದವರನ್ನು ಮಾತ್ರ ಕಳ್ಳರ ಲೆಕ್ಕಕ್ಕೆ ಹಿಡಿಯುತ್ತಾರೆ. ಮುಖದ ಮೇಲೆ ಯಾರೂ ಹಾಗೆ ಹೇಳುವುದಿಲ್ಲ. "ಬಾಯಿ ಕಟ್ಟಬೇಕ್ ನೋಡವಾ" ಎಂದು ಮೆತ್ತಗೆ ಅನ್ನುತ್ತಾರೆ. ಅಂದರೆ ನಿನ್ನ ಬಾಯಿ ಬಿಚ್ಚಿಕೊಂಡಿದೆ ಎಂದೇ ಅರ್ಥ. ನನ್ನ ಬಾಯಿ ಬಿಚ್ಚಿಕೊಂಡಿದ್ದು ನಿಜ, ಆದರೆ ಅದು ಮಾತಿಗೆ. ಆ ಮಾತಿನಿಂದಲೇ ನನ್ನ ನೌಕರಿ ಉಳಿಯಿತು ಎಂದು ಈಗಲೂ ಹೇಳುತ್ತೇನೆ.

ನಾನು ಹುಟ್ಟಿದ್ದು ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ. ಟೀಚರ್ ಆಗಿ ಮೊದಲು ಪಾಠ ಹೇಳಿದ್ದು ಅಫಜಲಪುರ ತಾಲೂಕಿನ ಕರಜಗಿಯಲ್ಲಿ. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ನಿಂಬರ್ಗಾದ ಶಾಲೆಗೆ ವರ್ಗ ಮಾಡಿಸಿಕೊಂಡೆ. ಗಂಡ ತೊಗರಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಕೂರುತ್ತಿದ್ದರು. ಮಾವ ಇರಲಿಲ್ಲ. ಮನೆಯ ಯಜಮಾನಿಕೆಯೆಲ್ಲ ಅತ್ತೆಯದೇ. ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಬಸ್ಸು ಹಿಡಿದು ನಿಂಬರ್ಗಾಕ್ಕೆ ಹೋಗಿ, ಮೂರನೆಯ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸಿ, ಬಿಸಿಲು ಇಳಿಯುವ ಹೊತ್ತಿಗೆ ಮನೆ ಸೇರುವುದು ನನ್ನ ಬಾಳು. ನನಗೆ ಆ ಬಾಳು ಇಷ್ಟವಿತ್ತು. ತರಗತಿಯಲ್ಲಿ ನಾನು ಹೇಳಿದ್ದನ್ನು ನಲವತ್ತು ಮಕ್ಕಳು ನಂಬುತ್ತಿದ್ದರು. ಮನೆಯಲ್ಲಿ ಹಾಗಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಬೇನೆ ಬಂತು. ನೀರಡಿಕೆ ತಡೆಯಲಾರದೆ ಶಾಲೆಯ ಗಡಿಗೆಯನ್ನು ಒಬ್ಬಳೇ ಖಾಲಿ ಮಾಡುತ್ತಿದ್ದೆ. ಕುಬಸ ಸಡಿಲಾಯಿತು, ಬಳೆ ಕೈಯಿಂದ ಜಾರತೊಡಗಿದವು. ಒಂದು ದಿನ ಪಾಠ ಮಾಡುತ್ತಲೇ ಕುಸಿದೆ. ಗುಲಬರ್ಗಾದ ಡಾಕ್ಟರು ನೋಡಿ, ಇದು ಗುಳಿಗೆಗೆ ಬಗ್ಗುವ ಸಕ್ಕರೆ ಅಲ್ಲ, ಬದುಕಿರುವ ತನಕ ಸೂಜಿ ಬೇಕು ಎಂದರು. ದಿನಾ ಮುಂಜಾನೆ ಒಮ್ಮೆ ಇನ್ಸುಲಿನ್. ಮಜ್ಜಿಗೆಯಂತೆ ಬೆಳ್ಳಗಿನ ಔಷಧಿ, ಶೀಶೆಯನ್ನು ಅಂಗೈಯಲ್ಲಿ ಉರುಳಿಸಿ ಸೂಜಿಗೆ ಎಳೆದುಕೊಳ್ಳಬೇಕು. ಗಾಜಿನ ಸಿರಿಂಜನ್ನು ಪ್ರತಿಸಲ ಕುದಿಸಬೇಕು. ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರಿನ ಗಡಿಗೆಯೊಳಗೆ ದಾರದಿಂದ ಇಳಿಬಿಡುತ್ತಿದ್ದೆ. ಗಂಡ ನನಗೆ ಚುಚ್ಚಲು ಕಲಿಯುತ್ತೇನೆಂದು ಹೊರಟು, ಮೊದಲ ದಿನವೇ ಬೆವತು ಗೋಡೆಗೆ ಒರಗಿದರು. ಆಮೇಲೆ ನಾನೇ ಚುಚ್ಚಿಕೊಂಡೆ.

ಸಕ್ಕರೆ ನೋಡಲು ಆಗ ಬೆರಳಿನ ರಕ್ತದ ಯಂತ್ರ ನಮ್ಮ ತನಕ ಬಂದಿರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿ ನೀಲಿಯಾಗೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಸುಟ್ಟ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿದರೆ ಸಕ್ಕರೆ ಮಿತಿ ಮೀರಿದೆ ಎಂದು ತಿಳಿಯಬೇಕು. ನನ್ನದು ಸಂಜೆಗೆ ನೀಲಿ, ಮಲಗುವಾಗ ನೀಲಿ. ಮುಂಜಾನೆ ಎದ್ದರೆ ಇಟ್ಟಂಗಿ. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾ ಹೀಗೆ. ರಾತ್ರಿಯೆಲ್ಲ ನಿದ್ದೆಯಲ್ಲಿದ್ದ ಮೈಗೆ ಸಕ್ಕರೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಉಳಿದವರೆಲ್ಲರ ಬಳಿ ಇತ್ತು.

"ರಾತ್ರಿ ಎದ್ದು ಏನರ ತಿಂತೀರೇನ್ರೀ?" ಎಂದು ಡಾಕ್ಟರು ಕೇಳಿದರು.

"ಇಲ್ರೀ."

"ಎಲ್ಲಾರೂ ಇಲ್ಲಂತಲೇ ಹೇಳ್ತಾರ" ಎಂದು ನಕ್ಕು, ಮುಂಜಾನೆಯ ಸೂಜಿಯ ಅಳತೆ ಹೆಚ್ಚಿಸಿದರು.

ಅಳತೆ ಹೆಚ್ಚಿಸಿದ ಮೇಲೆ ಏನಾಯಿತೆಂದರೆ, ಮುಂಜಾನೆಯ ಇಟ್ಟಂಗಿ ಇಟ್ಟಂಗಿಯಾಗೇ ಉಳಿಯಿತು, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿ ನನಗೆ ಕೈ ನಡುಗಿ, ಬೆವರು ಕಿತ್ತು, ಕರಿಹಲಗೆ ಎರಡಾಗಿ ಕಾಣತೊಡಗಿತು. ಸಕ್ಕರೆ ಇಳಿದಾಗ ಹೀಗಾಗುತ್ತದೆ, ಆಗ ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು ಎಂದು ಡಾಕ್ಟರೇ ಹೇಳಿಕೊಟ್ಟಿದ್ದರು. ಅದಕ್ಕೇ ನನ್ನ ಚೀಲದಲ್ಲಿ ಒಂದು ಬೆಲ್ಲದ ಹೆಂಟೆ ಕಾಗದದಲ್ಲಿ ಸುತ್ತಿ ಇಟ್ಟಿರುತ್ತಿದ್ದೆ.

ಅತ್ತೆಗೆ ಸಿಕ್ಕಿದ್ದು ಅದೇ ಹೆಂಟೆ. ಕೊಡೆ ಹುಡುಕಲು ನನ್ನ ಚೀಲಕ್ಕೆ ಕೈ ಹಾಕಿದವರು ಬೆಲ್ಲ ಹಿಡಿದುಕೊಂಡು ಪಡಸಾಲೆಗೆ ಬಂದರು. ಗಂಡ ಆಗತಾನೇ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು.

"ನೋಡಪಾ, ನಿನ್ನ ಹೆಂಡ್ತಿ ಪಾಠ ಹೇಳಾಕ ಹೋಗ್ತಾಳೋ, ಬೆಲ್ಲ ತಿನ್ನಾಕ ಹೋಗ್ತಾಳೋ?"

ನಾನು ಹೇಳಿದೆ. ಡಾಕ್ಟರು ಹೇಳಿದ್ದು ಹೇಳಿದೆ, ತರಗತಿಯಲ್ಲಿ ನಡುಕ ಬಂದದ್ದು ಹೇಳಿದೆ. ಅತ್ತೆ ಬೆಲ್ಲವನ್ನು ಕಟ್ಟೆಯ ಮೇಲೆ ಕುಕ್ಕಿ, "ಸಕ್ರಿ ಬ್ಯಾನಿಗೆ ಬೆಲ್ಲ ಔಷಧಂತ! ಬೆಂಕಿ ಆರಸಾಕ ಗ್ಯಾಸ್‌ಎಣ್ಣಿ ಹಾಕಿದಂಗ" ಎಂದರು. ಗಂಡ ಇಬ್ಬರ ಮುಖವನ್ನೂ ನೋಡಿ, ಒರೆಸಿದ ಕಾಲನ್ನೇ ಮತ್ತೆ ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಒಲೆಯ ಎರಡೂ ಕಡೆ ಕೈ ಕಾಯಿಸಿಕೊಳ್ಳುವವರು, ಅಷ್ಟೇ.

ಅಂದಿನಿಂದ ಸಕ್ಕರೆ ಬೆಲ್ಲದ ಡಬ್ಬಿಗಳು ಅತ್ತೆಯ ಟ್ರಂಕು ಸೇರಿದವು. ಅಫಜಲಪುರದಲ್ಲಿ ನಾದಿನಿಯ ಮನೆಯ ಮದುವೆಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಪಂಕ್ತಿಯಲ್ಲಿ ಬೆಲ್ಲದ ಹುಗ್ಗಿ ಬಡಿಸುತ್ತ ಬಂದವಳು ನನ್ನ ಎಲೆ ದಾಟಿ ಹೋದಳು. ಎದುರಿಗಿದ್ದ ಹೆಂಗಸರು ತಮ್ಮ ಎಲೆ ಬಿಟ್ಟು ನನ್ನ ಎಲೆ ಕಾಯುತ್ತಿದ್ದರು. "ಇಲ್ಲೇನೋ ಬಿಟ್ಟಾಳ, ಮನ್ಯಾಗ ಬಿಡತಾಳೇನು" ಎಂದು ಒಬ್ಬಳು ನನಗೆ ಕೇಳುವಂತೆಯೇ ಅಂದಳು. ನಾನು ಎದ್ದು ಹೋಗಲಿಲ್ಲ. ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು, ನನಗೆ ಎಷ್ಟು ಬೇಕೋ ಅಷ್ಟನ್ನು ನಿಧಾನವಾಗಿ ಉಂಡೆ. ಅವಳು ನೋಡುತ್ತಿದ್ದಷ್ಟು ಹೊತ್ತೂ ಉಂಡೆ.

ಬೇಸಿಗೆ ರಜೆ ಬಿಟ್ಟ ಕೂಡಲೇ ಅತ್ತೆ ತೀರ್ಪು ಕೊಟ್ಟರು. "ರಜಾ ಮುಗಿಯೂದ್ರಾಗ ಮುಂಜಾನಿ ಬಣ್ಣ ನೀಲಿ ಆಗಬೇಕು. ಇಲ್ಲಾಂದ್ರ ಶಾಲಿ ಬಿಡು. ಮನ್ಯಾಗ ನನ್ನ ಕಣ್ಮುಂದ ಇರು. ಏನ್ ತಿಂತೀ ನೋಡತೇನಿ."

ನಾನು ಗಂಡನ ಮುಖ ನೋಡಿದೆ. "ಅವ್ವ ಹೇಳೂದು ನಿನ್ನ ಛಲೋದಕ್ಕ" ಎಂದರು. ನನ್ನ ನೌಕರಿ ನನ್ನ ಮೂತ್ರದ ಬಣ್ಣಕ್ಕೆ ಕಟ್ಟಿಕೊಂಡು ನಿಂತಿದೆ ಎಂದು ನನಗೆ ಆಗ ಗೊತ್ತಾಯಿತು. ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಅಳು ಅದಕ್ಕೆ ಹೆದರಿ ಒಳಗೆ ಹೋಯಿತು.

ಬೇಸಿಗೆಯಲ್ಲಿ ನಮ್ಮ ಕಡೆ ಮನೆಯೊಳಗೆ ಯಾರೂ ಮಲಗುವುದಿಲ್ಲ, ಹಾಸಿಗೆ ಹೊತ್ತು ಮಾಳಿಗೆ ಏರುತ್ತಾರೆ. ಅಂದು ಸಂಜೆ ಊಟವಾದ ಮೇಲೆ ಅತ್ತೆಯನ್ನು ಬಚ್ಚಲಿನ ಹತ್ತಿರ ಕರೆದು, ಅವರ ಮುಂದೆಯೇ ನಳಿಗೆ ಕುದಿಸಿದೆ. ನೀಲಿ ಬಂತು.

"ನೋಡಿದ್ರಿಲ್ಲೋ? ಈಗ ನನ್ನ ಬಾಜೂಕ ಮಲಕೋರಿ. ನೀರ ಕುಡಿಯಾಕ ಎದ್ರೂ ನಿಮ್ಮನ್ನ ಎಬ್ಬಸ್ತೇನಿ" ಎಂದೆ.

ಅತ್ತೆ ಒಂದು ಹೆಜ್ಜೆ ಮುಂದೆ ಹೋದರು. ಮಾಳಿಗೆಯ ಮೇಲೆ ಪಕ್ಕದಲ್ಲಿ ಹಾಸಿಗೆ ಹಾಕಿ, ತಮ್ಮ ಸೆರಗಿನ ತುದಿಯನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು. ಮದುವೆಯಲ್ಲಿ ಇವರ ಮಗನ ಶಲ್ಯಕ್ಕೂ ಇಷ್ಟು ಬಿಗಿಯಾಗಿ ನನ್ನನ್ನು ಕಟ್ಟಿರಲಿಲ್ಲ. ಆ ಕಡೆ ಮಲಗಿದ್ದ ಗಂಡನಿಗೆ ಕೇಳುವಂತೆ ಅದನ್ನು ಹೇಳಿಯೂ ಬಿಟ್ಟೆ. ಅವರು ಮಗ್ಗುಲು ಬದಲಿಸಿದರು.

ಬೆಳಕು ಹರಿದಾಗ ಗಂಟು ಹಾಗೇ ಇತ್ತು. ಅತ್ತೆಯೇ ಬಿಚ್ಚಿದರು. ಇಬ್ಬರೂ ಕೆಳಗಿಳಿದೆವು. ರಾತ್ರಿಯಿಡೀ ತುಂಬಿದ ಮೂತ್ರದಲ್ಲಿ ಹಿಂದಿನ ಊಟದ ಸಕ್ಕರೆಯೂ ಇರಬಹುದು, ಅದನ್ನು ಚೆಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದು ನೋಡಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗೇ ಮಾಡಿದೆ. ಆ ಅರ್ಧ ಗಂಟೆ ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕುಳಿತೇ ಇದ್ದರು, ಕಸ ಸಹ ಗುಡಿಸಲಿಲ್ಲ. ದೀಪದ ಮೇಲೆ ನಳಿಗೆ ಹಿಡಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಇಟ್ಟಂಗಿಯಾಯಿತು.

"ಮತ್ತೊಮ್ಮಿ ಮಾಡು" ಎಂದರು ಅತ್ತೆ.

ಮತ್ತೊಮ್ಮೆ ಮಾಡಿದೆ. ಮತ್ತೆ ಇಟ್ಟಂಗಿ. ಅತ್ತೆ ಎದ್ದು ಒಳಗೆ ಹೋದರು. ಹೊರಬಂದಾಗ ಅವರ ಕೈಯಲ್ಲೊಂದು ಹಳೆಯ ಲೋಟವಿತ್ತು. "ನಂದೂ ಹಾಕು. ನೀ ತಿಂದಿದ್ದ ರೊಟ್ಟೀನೇ ನಾನೂ ತಿಂದೇನಿ" ಎಂದರು. ನನಗೆ ನಗು ಬಂತು, ತಡೆದುಕೊಂಡೆ. ಅವರದನ್ನೂ ಕುದಿಸಿದೆ. ನೀಲಿ, ಎಳೆ ಮೋಡವೂ ಇಲ್ಲದ ನೀಲಿ. ಅತ್ತೆ ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮತ್ತ ಎಲ್ಲಿಂದ ಬಂತು ಬೇ ಇದು?"

"ನನಗೂ ಗೊತ್ತಿಲ್ರೀ ಅತ್ತಿ. ಗೊತ್ತಿಲ್ಲಂದ್ರ ಕಳವು ಮಾಡೇನಿ ಅಂತ ಅಲ್ಲ."

ಅತ್ತೆ ತಪ್ಪಾಯಿತು ಅನ್ನಲಿಲ್ಲ. ಎಷ್ಟೋ ವರ್ಷಗಳ ನಂತರ ಬೇರೊಬ್ಬ ಡಾಕ್ಟರು ನನಗೆ ಹೇಳಿದರು: ಬೆಳಗಿನ ಜಾವ ಮೈ ತಾನೇ ಎಚ್ಚರಗೊಳ್ಳುವ ತಯಾರಿಯಲ್ಲಿ ಯಕೃತ್ತಿನಿಂದ ಸಕ್ಕರೆ ಬಿಡುತ್ತದೆ, ಹಿಂದಿನ ಮುಂಜಾನೆಯ ಸೂಜಿಯ ಬಲ ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ಇದು ಎಷ್ಟೋ ಜನರಿಗೆ ಆಗುತ್ತದೆ ಎಂದು. ಅದಕ್ಕೊಂದು ಹೆಸರೂ ಇದೆಯಂತೆ. ಆ ಹೊತ್ತಿಗೆ ನನ್ನನ್ನು ಕಳ್ಳಿ ಅಂದವರಲ್ಲಿ ಅರ್ಧ ಜನ ತೀರಿಹೋಗಿದ್ದರು.

ಆದರೆ ಅಂದು ನನಗೆ ಕಾರಣ ಬೇಕಿರಲಿಲ್ಲ, ದಾರಿ ಬೇಕಿತ್ತು. ನಂಬಿಸಿದ್ದಾಯಿತು, ಬಣ್ಣವಂತೂ ಬದಲಾಗಿರಲಿಲ್ಲ. ಅತ್ತೆಯ ಮಾತು ಮಾತೇ, ಶಾಲೆ ಶುರುವಾಗುವ ದಿನವೂ ದೂರವಿರಲಿಲ್ಲ.

ಮೊದಲ ಅಡ್ಡಿ ಪೂಜೆಯದು. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗುವ ತನಕ ಹನಿ ನೀರೂ ಒಳಗೆ ಹೋಗುವಂತಿಲ್ಲ. ಏನನ್ನೇ ಆಗಲಿ ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗೆ. ನನಗೆ ಸೂಜಿ ಶುರುವಾದಾಗ ಅತ್ತೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿದ್ದರು. ಬಾಯಿಂದ ಹೋದರೇನು, ತೊಡೆಯಿಂದ ಹೋದರೇನು, ಒಳಗೆ ಹೋಗುವುದು ಒಳಗೇ ಅಲ್ಲವೇ ಎಂಬುದು ಅವರ ವಾದ. ನಾನೂ ಆಗ ಒಪ್ಪಿಕೊಂಡಿದ್ದೆ. ಹಾಗಾಗಿ ಎದ್ದು, ಕಸ ಹೊಡೆದು, ಜಳಕ ಮಾಡಿ, ವಿಭೂತಿ ಹಚ್ಚಿ, ಇಬ್ಬರ ಪೂಜೆಯೂ ಮುಗಿದ ಮೇಲೆಯೇ ನನ್ನ ಸೂಜಿ. ಸೋಮವಾರ ಬಂತೆಂದರೆ ಅತ್ತೆಯ ಪೂಜೆ ಬಿಸಿಲೇರುವ ತನಕ ನಡೆಯುತ್ತಿತ್ತು. ಅಷ್ಟೂ ಹೊತ್ತು ಸಕ್ಕರೆ ನನ್ನೊಳಗೆ ಏರುತ್ತಲೇ ಇರುತ್ತಿತ್ತು.

"ಅತ್ತಿ, ಎದ್ದ ಕೂಡ್ಲೇ ಚುಚಗೋತೇನಿ" ಎಂದೆ.

"ಪೂಜಿಗಿಂತ ಮೊದಲಾ? ಮೈಲಿಗಿ ಬಾಯಾಗ?"

"ಮುಟ್ಟಾದಾಗ ನಾವು ಹೊರಗ ಕೂಡ್ತೇವೇನ್ರೀ? ಮೈಮ್ಯಾಲ ಲಿಂಗ ಇದ್ದವರಿಗೆ ಮೈಲಿಗಿ ಇಲ್ಲಂತ ಮದುವಿ ಆದ ವರ್ಷ ನೀವೇ ಹೇಳಿದ್ರಿ. ಹಂಗಾರ ಸೂಜಿಗೆ ಎಲ್ಲಿಂದ ಬಂತು?"

ಅತ್ತೆಯ ಮಾತನ್ನು ಅವರ ಮುಂದೆಯೇ ಇಟ್ಟರೆ ಅವರು ಅದನ್ನು ದಾಟುವ ಪೈಕಿ ಅಲ್ಲ. ಮರುದಿನ ಬೆಳಿಗ್ಗೆ ಮುಖ ತೊಳೆದು ಬಂದು, ಗಡಿಗೆಯಿಂದ ತಾವೇ ಶೀಶೆ ಎತ್ತಿ ಒರೆಸಿದರು. ನನ್ನ ಕೊರಳಿನ ಕರಡಿಗೆ ತೆರೆಸಿ, ಲಿಂಗದ ಮುಂದೆ ಶೀಶೆಯನ್ನು ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದರು. "ತೋರಿಸೇನಿ. ಈಗ ಚುಚಗೋ" ಎಂದರು. ಆಗಿನ ಇನ್ಸುಲಿನ್ನನ್ನು ಪ್ರಾಣಿಗಳ ಅಂಗದಿಂದ ತೆಗೆಯುತ್ತಿದ್ದರು. ಯಾವ ಪ್ರಾಣಿ ಎಂದು ಶೀಶೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದೂ ಇತ್ತು. ನಾನು ಓದಿದ್ದೆ, ಅತ್ತೆಗೆ ಓದಿ ಹೇಳಲಿಲ್ಲ. ಲಿಂಗಕ್ಕೆ ಗೊತ್ತಿತ್ತು, ಅಷ್ಟು ಸಾಕು ಅನ್ನಿಸಿತು.

ಇದರಿಂದ ಹಗಲಿನ ಸಕ್ಕರೆ ಸುಧಾರಿಸಿತು. ಎದ್ದಾಗಿನ ಇಟ್ಟಂಗಿ ಮಾತ್ರ ಜಗ್ಗಲಿಲ್ಲ. ಮುಂಜಾನೆ ಒಲೆಗೆ ಇಟ್ಟ ಕಟ್ಟಿಗೆ ಮರುದಿನ ಮುಂಜಾನೆ ತನಕ ಉರಿಯುತ್ತದೆಯೇ? ಹೆಚ್ಚು ಇಟ್ಟರೆ ಮಧ್ಯಾಹ್ನದ ರೊಟ್ಟಿ ಹೊತ್ತುತ್ತದೆ, ಅಷ್ಟೇ. ನಿಂಬರ್ಗಾದ ತರಗತಿಯಲ್ಲಿ ನಾನು ನಡುಗಿದ್ದು ಅದಕ್ಕೇ. ಹಾಗಾದರೆ ಸಂಜೆಗೂ ಸ್ವಲ್ಪ ಕಟ್ಟಿಗೆ ಇಡಬೇಕು. ಇದನ್ನು ಡಾಕ್ಟರ ಮುಂದೆ ಹಿಂದೊಮ್ಮೆ ಹೇಳಿ ನೋಡಿದ್ದೆ. "ನೀವು ಟೀಚರೋ, ಡಾಕ್ಟರೋ?" ಎಂದು ಕೇಳಿ ಮುಂದಿನವರನ್ನು ಕರೆದಿದ್ದರು. ಈಗ ಮತ್ತೆ ಹೋಗಿ ಕೇಳುವ ಮನಸ್ಸಾಗಲಿಲ್ಲ. ಮುಂಜಾನೆಯ ಔಷಧಿಯ ಪಾಲಿನಿಂದ ಕೊಂಚ ತೆಗೆದು ಸಂಜೆಗೂ ಒಂದು ಸೂಜಿ ಹಾಕಿಕೊಂಡೆ.

ಗಂಡ ಹೆದರಿದರು. "ರಾತ್ರಿ ಸಕ್ರಿ ಇಳದು ನಿದ್ದ್ಯಾಗೇ ಏನರ ಆದ್ರ?" ಎಂದರು. ಹೆದರಿಕೆ ನನಗೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅದಕ್ಕೇ ಸಿರಿಂಜಿನ ಮೇಲೆ ಒಂದು ಸಲಕ್ಕೆ ಎರಡೇ ಗೆರೆ ಏರಿಸುತ್ತಿದ್ದೆ. ಏರಿಸಿ ಮೂರು ನಾಲ್ಕು ದಿನ ಅಲ್ಲೇ ನಿಲ್ಲುತ್ತಿದ್ದೆ, ಬಣ್ಣ ನೋಡುತ್ತಿದ್ದೆ, ಊಟ ಒಂದೇ ಸಮ ಇಡುತ್ತಿದ್ದೆ. ಅತ್ತೆ ಟ್ರಂಕಿನಿಂದ ಬೆಲ್ಲದ ಡಬ್ಬಿ ತೆಗೆದು ಮಾಳಿಗೆಯ ಮೇಲೆ ನನ್ನ ತಲೆದಿಂಬಿನ ಹತ್ತಿರ ಇಟ್ಟರು.

ಇಟ್ಟಂಗಿ ಕಿತ್ತಳೆಯಾಯಿತು. ಕಿತ್ತಳೆ ಹಳದಿಯಾಯಿತು. ನನಗೆ ಅವಸರ ಹುಟ್ಟಿತು. ಹಳದಿಯಿಂದ ನೀಲಿಗೆ ಒಂದೇ ಜಿಗಿತ ಹಾಕೋಣವೆಂದು ಗೆರೆ ಹೆಚ್ಚಿಗೆ ಏರಿಸಿದೆ. ಆ ನಸುಕಿನಲ್ಲಿ ಎಚ್ಚರವಾದಾಗ ಹಾಸಿಗೆ ಬೆವರಿನಿಂದ ತೊಯ್ದಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ನನ್ನ ಬಾಯಿಗೆ ಬೆಲ್ಲ ತುರುಕಿದ್ದು ಅತ್ತೆ. ಅವರ ಬೆರಳು ನನ್ನ ಹಲ್ಲಿಗೆ ಸಿಕ್ಕು ಗಾಯವಾಯಿತು. ತುಸು ಹೊತ್ತಿಗೆ ನಾನು ಎದ್ದು ಕುಳಿತೆ.

"ಸಾಕ್ ಬಿಡು ಇನ್ನ" ಎಂದರು ಗಂಡ.

"ಹೆಚ್ಚಾತು, ಕಡಿಮಿ ಮಾಡ್ತೇನಿ. ಬಿಡಂಗಿಲ್ಲ."

ಅತ್ತೆ ಬೆರಳು ಚೀಪುತ್ತ, "ಮಾಡ್ಲಿ ಬಿಡಪಾ" ಎಂದರು.

ಗೆರೆ ಇಳಿಸಿದೆ, ಮತ್ತೆ ಒಂದೊಂದೇ ಏರಿಸಿದೆ. ಮುಂಗಾರು ಮಳೆಯ ಮೊದಲ ಹನಿ ಬಿದ್ದು ನಾವು ಹಾಸಿಗೆ ಮಡಚಿ ಕೆಳಗೆ ಮಲಗತೊಡಗಿದ ವಾರ, ಮುಂಜಾನೆ ನಳಿಗೆ ನೀಲಿಯಾಗಿ ನಿಂತಿತು. ನಂಬದೆ ಮತ್ತೆ ಕುದಿಸಿದೆ. ಮರುದಿನವೂ ನೀಲಿ, ಅದರ ಮರುದಿನ ತುಸು ಹಸಿರು, ಮತ್ತೆ ನೀಲಿ. ನಾನು ಬಚ್ಚಲಲ್ಲೇ ಕುಳಿತು ಹೊಟ್ಟೆ ತುಂಬ ಅತ್ತುಬಿಟ್ಟೆ. ಅಡಗಿಸಿಟ್ಟಿದ್ದ ಅಳುವೆಲ್ಲ ಅಂದು ಹೊರಗೆ ಬಂತು.

ಶಾಲೆ ಶುರುವಾಗುವ ಮೊದಲು ಗುಲಬರ್ಗಾಕ್ಕೆ ತೋರಿಸಲು ಹೋದೆವು. ಗಂಡನ ಜೊತೆ ಅತ್ತೆಯೂ ಹಟ ಹಿಡಿದು ಬಂದರು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಕಾದೆವು. ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ನಕ್ಕರು. ಬಹಳ ಸಂತೋಷದಿಂದಲೇ ನಕ್ಕರು.

"ನೋಡಿದ್ರೇನ್ರೀ? ಬಾಯಿ ಕಟ್ಟಿದ್ರ ಹ್ಯಾಂಗ ಹಾದಿಗೆ ಬರ್ತದ. ಇದನ್ನೇ ನಾ ಮೊದಲಿಂದ ಹೇಳಾಕತ್ತಿದ್ದೆ. ಈಗರ ಕದ್ದು ತಿನ್ನೂದು ಬಿಟ್ರಲ್ಲ."

ನನ್ನ ಕಿವಿ ಬಿಸಿಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಅತ್ತೆಯ ದನಿ ಬಂತು.

"ಆಕಿ ಎಂದೂ ತಿಂದಿಲ್ರೀ ಸಾಹೇಬ್ರ. ನಾ ಸೆರಗಿಗೆ ಸೆರಗ ಕಟಗೊಂಡು ನೋಡೇನಿ."

ಡಾಕ್ಟರ ನಗು ನಿಂತಿತು. "ಮತ್ತ ಹ್ಯಾಂಗ ಇಳೀತು?"

"ಸಂಜೀಗೂ ತಗೊಳಾಕತ್ತೇನ್ರೀ" ಎಂದೆ. ಎಷ್ಟು ಗೆರೆಯಿಂದ ಶುರು ಮಾಡಿದೆ, ಎಲ್ಲಿ ಹೆಚ್ಚಾಯಿತು, ಎಲ್ಲಿ ನಿಲ್ಲಿಸಿದೆ, ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

"ನನ್ನ ಕೇಳದ ಮಾಡೀರಿ? ರಾತ್ರಿ ಸತ್ತಿದ್ರ ಏನ್ ಗತಿ?"

"ಸತ್ತಿದ್ರ, ಕದ್ದು ತಿಂದು ಸತ್ಲು ಅಂತಿದ್ರಿ."

ಗಂಡ ನೆಲ ನೋಡುತ್ತಿದ್ದರು. ಡಾಕ್ಟರು ಚೀಟಿ ಎಳೆದುಕೊಂಡು, ಮುಂಜಾನೆ ಇಷ್ಟು, ಸಂಜೆ ಇಷ್ಟು ಎಂದು ಬರೆದುಕೊಟ್ಟರು. ಅದು ನನ್ನದೇ ಅಳತೆ. ಒಂದು ಗೆರೆಯೂ ಹೆಚ್ಚು ಕಡಿಮೆ ಇರಲಿಲ್ಲ.

ಆಳಂದದ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕುಳಿತರು. ಸೋಮವಾರದಿಂದ ನಿಂಬರ್ಗಾಕ್ಕೆ ಹೋಗುತ್ತೇನೆ ಎಂದೆ. ಹೋಗು ಎಂದರು. ನನ್ನ ಪರವಾಗಿ ಅವರು ಮಾತಾಡಿದ್ದಕ್ಕೆ ನಾನೇನಾದರೂ ಹೇಳುತ್ತೇನೆಂದು ಕಾದಂತಿತ್ತು. ನಾನು ಹೇಳಲಿಲ್ಲ. ವರ್ಷದ ಮೇಲಾಗಿತ್ತು, "ಇಲ್ರೀ, ತಿಂದಿಲ್ಲ" ಎಂದು ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತ ಬಂದು. ಅದೇ ಮಾತನ್ನು ಅವರು ಒಮ್ಮೆ ಹೇಳಿದ್ದಕ್ಕೆ ಡಾಕ್ಟರು ನಂಬಿದರು. ಅತ್ತೆ ಇಂದು ಇಲ್ಲ. ಅವರ ಬೆರಳಿಗೆ ಗಾಯ ಮಾಡಿದ್ದಕ್ಕೆ ಅವರ ಮುಂದೆ ಎಷ್ಟೋ ಸಲ ಮರುಗಿದ್ದೇನೆ. ಆದರೆ ಸತ್ಯ ಹೇಳಿದ್ದಕ್ಕೆ ಅವರಿಗೆ ಉಪಕಾರ ಹೇಳಲಿಲ್ಲ, ಇವತ್ತು ಎದುರಿಗೆ ಬಂದು ನಿಂತರೂ ಹೇಳುವುದಿಲ್ಲ.